ಗುಂಡಿ ಒತ್ತಿದರೆ ಕಾಡು ಅರ್ಥವಾಗುತ್ತದಾ?

ಕಾಡಿನ ಮಾಹಿತಿ ಕೇಂದ್ರದಲ್ಲಿ ಟಚ್ ಸ್ಕ್ರೀನ್ ಇಟ್ಟರೆ ಜನ ತಾವೇ ಕಲಿಯುತ್ತಾರೆ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನನ್ನ ಮಗಳು ಅಂಥ ಒಂದು ಕಡೆ ಗುಂಡಿ ಒತ್ತಿದಳು, ಹುಲಿ ಗರ್ಜಿಸಿತು, ಮುಂದಕ್ಕೆ ಓಡಿದಳು. ಅಷ್ಟೇ.

ನಾವು ತಮಿಳುನಾಡಿನ ಗಡಿಯ ತಾಳವಾಡಿಯವರು, ಸುತ್ತಲೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಪ್ರಾಣಿ ತೋರಿಸುವುದಕ್ಕಿಂತ ಕಾಡನ್ನು ನೋಡಿಕೊಳ್ಳುವ ಕೆಲಸ ಎಷ್ಟು ಕಷ್ಟ ಅಂತ ತೋರಿಸಬೇಕು. ಈ ಕಾಡಿನೊಳಗೆ ಹಾದುಹೋಗುವ ದಿಂಬಂ ಘಾಟಿ ರಸ್ತೆಯ 27 ತಿರುವುಗಳ ಮಾದರಿಯನ್ನು ಒಂದು ಮೇಜಿನ ಮೇಲೆ ಮಾಡಿ, ಚಿಕ್ಕ ಗೇಟು ಇಡಿ. ರಾತ್ರಿ ಮುಚ್ಚಬೇಕೋ ಬೇಡವೋ, ಬಂದವರೇ ತೀರ್ಮಾನಿಸಲಿ. ತೆರೆದರೆ ಜಿಂಕೆ, ಚಿರತೆ ಗಾಡಿಗೆ ಸಿಗುತ್ತವೆ. ಮುಚ್ಚಿದರೆ ನಮ್ಮ ತರಕಾರಿ ಸಂತೆಗೆ ತಡ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿ ರಾತ್ರಿ ಸಂಚಾರಕ್ಕೆ ತಡೆ ಬಿದ್ದಾಗ ಇಲ್ಲಿ ಮನೆಮನೆಯಲ್ಲೂ ಇದೇ ಚರ್ಚೆ. ಎರಡೂ ಕಡೆಯ ನೋವು ಕೈಯಲ್ಲಿ ಹಿಡಿದಾಗಲೇ ತಿಳಿಯುವುದು, ಅಲ್ವಾ?

ಕಾಡನ್ನೆಲ್ಲ ಆವರಿಸುವ ಹೊರಗಿನ ಕಳೆ ಲಂಟಾನವೂ ಹಾಗೆ. ಅದರ ಪೊದೆಯ ಕೆಳಗಿನ ಮಣ್ಣು, ಹುಲ್ಲು ಬೆಳೆದ ಮಣ್ಣು, ಎರಡನ್ನೂ ಪಕ್ಕದಲ್ಲೇ ಇಡಿ, ಮುಟ್ಟಿ ನೋಡಲಿ. ಆಚೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಂಥ ಕಳೆ ಹಬ್ಬದಂತೆ ಹಿಂದೆ ಹಾಕುತ್ತಿದ್ದ ತರಗು ಬೆಂಕಿಯ (ಒಣಗಿದ ಎಲೆ, ಹುಲ್ಲು ಸುಡುವ ಸಣ್ಣ ಬೆಂಕಿ) ಬಗ್ಗೆ ಅವರ ದನಿಯಲ್ಲೇ ಕೇಳಿಸಿ.

ಇನ್ನೊಂದು ಮಾತು. ತಮಿಳು, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಯಿರಿ. ಆನೆ ಕಂದಕದ ಪಕ್ಕದಲ್ಲೇ ಬೆಳೆ ಕಾಯುವ ನಮ್ಮ ಅಜ್ಜಂದಿರು ಓದುವುದು ಕನ್ನಡವನ್ನೇ.