ಎಡನೀರಿನ ಪಕ್ಕದಲ್ಲಿ ಕೂತು ಉರು ಹೊಡೆಯುವುದು

ನಿನ್ನೆಯಿಂದ ತಲೆಬಿಸಿ. ಬರೆದಾದರೂ ಹಗುರ ಮಾಡಿಕೊಳ್ಳೋಣ ಅಂತ.

ಅಕ್ಕನ ಮಗಳು ಆಕ್ಸ್‌ಫರ್ಡಿಗೆ ಲಾ ಓದಲು ಅರ್ಜಿ ಹಾಕಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅದಕ್ಕೆ ಬರೆಯಬೇಕಾದ ಎಲ್‌ನ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಮುಗಿಯಿತು. 95 ನಿಮಿಷದಲ್ಲಿ 42 ಪ್ರಶ್ನೆ, ಆಮೇಲೆ 40 ನಿಮಿಷದಲ್ಲಿ ಒಂದು ಪ್ರಬಂಧ. ಡಿಸೆಂಬರಿನಲ್ಲಿ ಆನ್‌ಲೈನ್ ಸಂದರ್ಶನ. ಇಷ್ಟರವರೆಗೆ ಖುಷಿಯ ಸುದ್ದಿಯೇ.

ನಿನ್ನೆ ಆ ಸಂದರ್ಶನಕ್ಕೆ ಅವಳ ಕೋಚಿಂಗ್ ನಡೆಯುವಾಗ ನಾನು ಪಕ್ಕದಲ್ಲೇ ಪೇಪರ್ ಓದುತ್ತಿದ್ದೆ. ದೊಡ್ಡ ಊರಿನ ಯಾವುದೋ ಸಂಸ್ಥೆ, ಹೆಸರು ಬೇಡ. ಫೀಸು ಕೇಳಿದರೆ ಅಡಿಕೆ ಮಾರಿದ ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯುತ್ತದೆ. ಲ್ಯಾಪ್‌ಟಾಪಿನೊಳಗೆ ಟೈ ಕಟ್ಟಿದ ಸರ್ ಒಬ್ಬರು 'ಲಾ ಯಾಕೆ' ಅಂತ ಕೇಳಿದರು. ಇವಳು ಕಣ್ಣು ಮೇಲೆ ಮಾಡಿ, ಚಿಕ್ಕಂದಿನಿಂದಲೂ ನ್ಯಾಯದ ಕಡೆ ಒಲವು ಅಂತ ಶುರು ಮಾಡಿದಳು. ನಡುವೆ ಒಂದು ಸಾಲು ಮರೆಯಿತು. 'ಮೊದಲಿಂದ ಹೇಳು' ಅಂದರು. ಹೇಳಿದಳು. ಕೊನೆಗೊಂದು ಉಪದೇಶ: ಊರು ಕೇಳಿದರೆ ಮಂಗಳೂರಿನ ಹತ್ತಿರ ಅನ್ನು, ಕಾಸರಗೋಡು ಯಾರಿಗೆ ಗೊತ್ತಾಗುತ್ತದೆ?

ಮಹಾನುಭಾವ! ಕಾಸರಗೋಡು ಪೇಟೆಯಿಂದ ಸ್ವಲ್ಪ ಒಳಗೆ ಬಂದರೆ ಎಡನೀರು ಮಠ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳ ಸರಕಾರದ ಭೂಸುಧಾರಣೆ ಕಾಯ್ದೆಯ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು, 68 ದಿನ ವಾದ. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು: ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡವುವ ಹಾಗಿಲ್ಲ. ಈ ದೇಶದಲ್ಲಿ ಲಾ ಓದುವವರೆಲ್ಲ ನಮ್ಮೂರಿನ ಸ್ವಾಮೀಜಿಯ ಹೆಸರು ಬರೆದೇ ಪಾಸಾಗಬೇಕು. ನಾವು ಮಾತ್ರ ಊರಿನ ಹೆಸರು ಮುಚ್ಚಿಡಬೇಕು!

ಅದಾದರೂ ಹೋಗಲಿ. ನನ್ನ ಸಿಟ್ಟು ಆ ಉರು ಹೊಡೆಸುವುದರ ಮೇಲೆ. ಆಕ್ಸ್‌ಫರ್ಡಿನವರೇ ಮಾದರಿ ಪ್ರಶ್ನೆಗಳನ್ನೂ ವಿಡಿಯೋಗಳನ್ನೂ ಪುಕ್ಕಟೆ ಹಾಕಿದ್ದಾರೆ. ಕಾನೂನು ಮೊದಲೇ ಗೊತ್ತಿರಬೇಕು ಅಂತ ಇಲ್ಲ. ಒಬ್ಬರ ಕಾರನ್ನು ಇನ್ನೊಬ್ಬರು 'ತೆಗೆದುಕೊಂಡರು' ಅಂತ ಯಾವಾಗ ಹೇಳಬಹುದು ಅನ್ನುವಂಥ ಪ್ರಶ್ನೆ. ಏನೋ ಒಂದು ಹೇಳಿದಿರಿ ಅನ್ನಿ. 'ಹಾಗಾದರೆ ದಾರಿಗೆ ಅಡ್ಡ ಇತ್ತು ಅಂತ ನಾಲ್ಕು ಮಾರು ಪಕ್ಕಕ್ಕೆ ತಳ್ಳಿದರೆ?' ಅಂತ ಮುಂದಿನದು ಬರುತ್ತದೆ. ಉರು ಹೊಡೆದ ಉತ್ತರ ಅಲ್ಲಿಗೆ ಖತಂ.

ಇದು ನಮ್ಮ ತಾಳಮದ್ದಳೆಯೇ ಅಲ್ವಾ? ವೇಷ ಇಲ್ಲದೆ ಕೂತು, ಬಾಯಿಪಾಠ ಇಲ್ಲದೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ವಾದಿಸಿದ್ದನ್ನು ಕೇಳಿದ ಊರು ಇದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳಿದಾಗ ರಾಮನಾದವನು ಚೀಟಿ ನೋಡಿ ಅರ್ಥ ಹೇಳುತ್ತಾನಾ? ಎದುರಿನವನು ಎಳೆದಲ್ಲಿಗೆ ಹೋಗಿ, ಅಲ್ಲಿಂದಲೇ ತಿರುಗಿಸಿ ತರಬೇಕು.

ಅಕ್ಕ ಒಂದು ಮಾತು ಕೇಳಿದಳು. 'ಏಳನೇ ತನಕ ಕನ್ನಡ ಮೀಡಿಯಂ ಓದಿದ ಹುಡುಗಿ, ಧೈರ್ಯ ಬರಬೇಡ್ವಾ? ಪೇಟೆ ಮಕ್ಕಳೆಲ್ಲ ಹೋಗ್ತಾರೆ.' ಸರಿ, ಇಂಗ್ಲಿಷಿನಲ್ಲಿ ಮಾತಾಡಿ ರೂಢಿ ಬೇಕು, ಒಪ್ಪಿದೆ. ಆದರೆ ಕ್ಲಾಸು ಮುಗಿಸಿ ಬಂದ ಹುಡುಗಿ ಮೊದಲಿಗಿಂತ ಜಾಸ್ತಿ ತಡವರಿಸುತ್ತಿದ್ದಳು. ಸಾಲು ಮರೆತೀತು ಅನ್ನುವ ಹೆದರಿಕೆ. ಇದಕ್ಕಾ ದುಡ್ಡು ಕೊಟ್ಟದ್ದು?

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನಗೂ ಲಾ ಓದುವ ಆಸೆ ಇತ್ತು. ತೋಟ ನೋಡುವವರು ಯಾರು ಅಂತ ಅಪ್ಪ ಕೇಳಿದರು, ಅಲ್ಲಿಗೆ ಮುಗಿಯಿತು. ಹಾಗಾಗಿ ಈ ಸಿಟ್ಟಿನಲ್ಲಿ ನಾಲ್ಕಾಣೆ ಹೊಟ್ಟೆಕಿಚ್ಚು ಇದ್ದರೂ ಇರಬಹುದು.

ರಾತ್ರಿ ಊಟಕ್ಕೆ ಕೂತಾಗ ಸುಮ್ನೆ ಕೇಳಿದೆ: 'ಮಗಾ, ವಾಲಿಯ ವಕೀಲಿಕೆ ನಿನಗೆ ಸಿಕ್ಕಿದರೆ?' ಸಾರು ಕಲಸುತ್ತಾ, 'ವಾಲಿ ಮಂಗ ಅಂತ ರಾಮನೇ ಹೇಳ್ತಾನಲ್ಲ ಮಾವ, ಹಾಗಾದ್ರೆ ಮನುಷ್ಯರ ಕಾನೂನಲ್ಲಿ ಅವನಿಗೆ ಶಿಕ್ಷೆ ಕೊಟ್ಟದ್ದು ಹೇಗೆ?' ಅಂದಳು. ತಡವರಿಕೆಯೇ ಇಲ್ಲ. ನನಗೆ ಉತ್ತರ ಹೊಳೆಯಲಿಲ್ಲ, ಮಜ್ಜಿಗೆ ಕೇಳಿದೆ.

ಶನಿವಾರ ಮಧ್ಯಾಹ್ನ ಎರಡೂವರೆಗೆ ನಮ್ಮ ಜಗಲಿಯಲ್ಲಿ ಅವಳನ್ನು ಕೂರಿಸುತ್ತೇನೆ. ಚಳಿಗಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಳಿಗ್ಗೆ ಒಂಬತ್ತಾದರೆ ಇಲ್ಲಿ ಅದೇ ಹೊತ್ತು. ಅರ್ಥಧಾರಿ ಮಿತ್ರರು ಯಾರಾದರೂ ಬಂದು ಅಡ್ಡ ಪ್ರಶ್ನೆ ಹಾಕಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಕೇಳಿ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡಲಿ. ಕರೆಂಟು ಹೋದರೆ ಇನ್ವರ್ಟರ್ ಇದೆ. ಚಹಾ, ಅವಲಕ್ಕಿ ನನ್ನ ಲೆಕ್ಕ.