ಬೂದಿ ನೆಲದಲ್ಲಿ ಕಿತ್ತಳೆ ಮಣ್ಣು

"ರೋಬೋಟ್ ಕಳಿಸಿದ್ರೆ ಸಾಕಲ್ವಾ? ಚಂದ್ರನ ಮೇಲೆ ಮನುಷ್ಯ ಯಾಕೆ ಹೋಗ್ಬೇಕು?" ಮೊನ್ನೆ ಗೆಳೆಯನೊಬ್ಬ ಕೇಳಿದ. ಖರ್ಚು, ಪ್ರಾಣಾಪಾಯ ಎರಡನ್ನೂ ಲೆಕ್ಕ ಹಾಕಿದರೆ ತಳ್ಳಿಹಾಕುವ ಮಾತಲ್ಲ. ಆದರೆ ಈ ವಾದ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದಿಷ್ಟು ಮಣ್ಣು.

1972ರ ಡಿಸೆಂಬರ್, ಚಂದ್ರನತ್ತ ಹೋದ ಅಮೆರಿಕದ ಅಪೊಲೊ 17 ಯಾತ್ರೆ. ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಗಗನಯಾತ್ರಿ ಹ್ಯಾರಿಸನ್ ಶ್ಮಿಟ್ ಓಡಾಡುತ್ತಿದ್ದರು. ಸುತ್ತ ಎತ್ತ ನೋಡಿದರೂ ಬೂದಿ ಬಣ್ಣ. ಬೂಟು ಕೆದರಿದ ಜಾಗ ಮಾತ್ರ ಕಿತ್ತಳೆ! ಹೆಲ್ಮೆಟ್ಟಿನ ಚಿನ್ನ ಲೇಪಿಸಿದ ಗಾಜು ಮೋಸ ಮಾಡುತ್ತಿದೆಯೇನೋ ಎಂದು ಜೊತೆಗಿದ್ದ ಯುಜೀನ್ ಸೆರ್ನನ್ ಅದನ್ನು ಮೇಲೆ ಸರಿಸಿ ನೋಡಿದರು. ಆಗಲೂ ಕಿತ್ತಳೆಯೇ. ಶ್ಮಿಟ್ ಭೂವಿಜ್ಞಾನಿ, ಬಿಡುತ್ತಾರೆಯೇ? ಅವರೂ ಸೆರ್ನನ್ನರೂ ಅಲ್ಲೇ ನೆಲ ತೋಡಿದರು, ಕೊಳವೆ ಹೊಡೆದು ಆಳದ ಮಣ್ಣನ್ನೂ ತೆಗೆದರು.

ಇತ್ತೀಚಿನ ಜ್ವಾಲಾಮುಖಿಯ ಗುರುತಿರಬಹುದು ಎಂಬ ಆಗಿನ ಊಹೆ ಸುಳ್ಳಾಯಿತು. ಆ ಕಿತ್ತಳೆ ಕಣಗಳು ಸುಮಾರು 360 ಕೋಟಿ ವರ್ಷಗಳ ಹಿಂದೆ ಲಾವಾ ಕಾರಂಜಿಯಂತೆ ಚಿಮ್ಮಿದಾಗ ಹೆಪ್ಪುಗಟ್ಟಿದ ಪುಟ್ಟ ಗಾಜಿನ ಮಣಿಗಳು. 2008ರಲ್ಲಿ, ಅಪೊಲೊ ಯಾತ್ರಿಗಳು ತಂದ ಇಂಥ ಮಣಿಗಳೊಳಗೆ ನೀರಿನ ಅಂಶ ಸಿಕ್ಕಿತು. ಒಣಗಲ್ಲು ಎಂದುಕೊಂಡಿದ್ದ ಚಂದ್ರನ ಒಡಲಲ್ಲಿ ನೀರು!

ಯಂತ್ರಗಳನ್ನು ಹಗುರ ಮಾಡುತ್ತಿಲ್ಲ. ಚಂದ್ರನ ಮೇಲ್ಮೈಯಲ್ಲಿ ನೀರಿನ ಸುಳಿವು ಕೊಟ್ಟದ್ದು ಚಂದ್ರಯಾನ-1ರ ಉಪಕರಣ. ಭೂಮಿಗೆ ಕಾಣದ ಆಚೆ ಬದಿಯ ಮಣ್ಣನ್ನು 2024ರಲ್ಲಿ ಮೊದಲು ತಂದದ್ದೂ ಚೀನಾದ ಯಂತ್ರವೇ. ಆದರೆ ಸೋವಿಯತ್ತಿನ ಯಂತ್ರಗಾಡಿ ಲೂನೊಖೋದ್-2 ಚಂದ್ರನ ಮೇಲೆ ಸುಮಾರು 39 ಕಿ.ಮೀ. ಉರುಳಲು ನಾಲ್ಕು ತಿಂಗಳು ಹಿಡಿಯಿತು. ಶ್ಮಿಟ್, ಸೆರ್ನನ್ ಮೂರೇ ದಿನದಲ್ಲಿ 35 ಕಿ.ಮೀ. ಸುತ್ತಿದರು, ಗಾಡಿಯ ಮಡ್‌ಗಾರ್ಡ್ ಮುರಿದಾಗ ನಕ್ಷೆಯ ಹಾಳೆಗಳಿಗೆ ಟೇಪು ಸುತ್ತಿ ತೇಪೆ ಹಾಕಿಕೊಂಡು. ಆರು ಅಪೊಲೊ ಯಾತ್ರೆಗಳು ತಂದದ್ದು 382 ಕೆ.ಜಿ., ಮನುಷ್ಯರಿಲ್ಲದ ಸೋವಿಯತ್ತಿನ ಮೂರು ಲೂನಾ ನೌಕೆಗಳು ಸುಮಾರು 300 ಗ್ರಾಂ. ತೂಕವೇ ಎಲ್ಲ ಅಲ್ಲ, ನಿಜ. ಆದರೂ ಯಾವ ಕಲ್ಲು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ನಿಂತ ಕಾಲಲ್ಲೇ ತೀರ್ಮಾನಿಸುವ ಕಣ್ಣು ಅಲ್ಲಿತ್ತು.

ನನ್ನ ತಕರಾರು ಬೇರೆಯೇ. ಚಂದ್ರನ ಮೇಲೆ ನಡೆದ ಆ ಹನ್ನೆರಡು ಮಂದಿಯಲ್ಲಿ ವೃತ್ತಿಯಿಂದ ವಿಜ್ಞಾನಿ ಶ್ಮಿಟ್ ಒಬ್ಬರೇ, ಅದೂ ಕೊನೆಯ ಯಾತ್ರೆಯಲ್ಲಿ. ಶೀತಲ ಸಮರದ ಪೈಪೋಟಿಗೆ ಹೊರಟ ಸವಾರಿ. ಗೆದ್ದಾಯಿತು, ಅಂಗಡಿ ಮುಚ್ಚಿದರು. ಈಗ ಮತ್ತೆ ಹೊರಡುವವರು ಬಾವುಟ ಬೇಕಾದರೆ ನೆಡಲಿ, ಮೊದಲ ತಂಡದಲ್ಲೇ ಕಲ್ಲು ಓದಬಲ್ಲ ಒಬ್ಬರಿರಲಿ.

ಶಾರ್ಟಿಯ ಅಂಚಿನಲ್ಲಿ ಆ ಇಬ್ಬರಿಗೆ ಸಿಕ್ಕ ಹೊತ್ತು ಒಂದು ಗಂಟೆಯೂ ಇರಲಿಲ್ಲ. ಗಾಳಿಯಿಲ್ಲ, ಮಳೆಯಿಲ್ಲ; ಕೆದರಿದ ಆ ನೆಲ ಈಗಲೂ ಹೆಚ್ಚುಕಡಿಮೆ ಹಾಗೇ ಇದೆ.