ಐದು ಟರ್ನಿನ ಮಳೆ

ಮಳೆಗೆ ಐದೇ ಟರ್ನು ಸಾಕು ಎಂದು ತೀರ್ಮಾನಿಸಿದ ಪುಣ್ಯಾತ್ಮರು ಯಾರೋ, ಎಲ್ಲಿದ್ದರೂ ಸುಖವಾಗಿರಲಿ. ನನ್ನ ಸಿಟ್ಟು ಮಾತ್ರ ನಿನ್ನೆ ರಾತ್ರಿಯಿಂದ ಇಳಿದಿಲ್ಲ. ಪೋಕೆಮಾನ್ ಆಟದಲ್ಲಿ ಮಳೆ ನಂಬಿ ತಂಡ ಕಟ್ಟಿದವರಿಗೆಲ್ಲ ಈ ಸಿಟ್ಟಿನ ಪರಿಚಯ ಇದ್ದೇ ಇರುತ್ತದೆ. ನಿದ್ದೆಗೆಟ್ಟು ಆರು ಪ್ರಾಣಿಗಳನ್ನು ಹೊಂದಿಸುತ್ತೇವೆ, ಯಾರ ಕೈಗೆ ಯಾವ ಐಟಂ ಎಂದು ತಲೆ ಕೆಡಿಸಿಕೊಳ್ಳುತ್ತೇವೆ, ಕೊನೆಗೆ ಮಳೆಯನ್ನೂ ಬರಿಸುತ್ತೇವೆ. ಆ ಮಳೆಯಲ್ಲಿ ಎದುರಾಳಿಯ ಒಂದು ಕೂದಲೂ ನೆನೆಯುವುದಿಲ್ಲ.

ಲೆಕ್ಕದಲ್ಲಿ ನೋಡಿದರೆ ಮಳೆಯಷ್ಟು ಒಳ್ಳೆಯ ಯೋಜನೆ ಬೇರೊಂದಿಲ್ಲ. ಮಳೆ ಬಿತ್ತೆಂದರೆ ನೀರಿನ ಹೊಡೆತಕ್ಕೆ ಒಂದೂವರೆ ಪಟ್ಟು ಬಲ, ಬೆಂಕಿಯ ಹೊಡೆತಕ್ಕೆ ಅರ್ಧ. ಬೇರೆ ಹೊತ್ತಿನಲ್ಲಿ ನೂರಕ್ಕೆ 70 ಸಲ ಮಾತ್ರ ಗುರಿ ಮುಟ್ಟುವ ಹರಿಕೇನ್, ಥಂಡರ್ ಎಂಬ ಹೊಡೆತಗಳು ಮಳೆಯಲ್ಲಿ ತಪ್ಪುವುದೇ ಇಲ್ಲ. ಸ್ವಿಫ್ಟ್ ಸ್ವಿಮ್ ಎಂಬ ಶಕ್ತಿ ಇರುವವರ ವೇಗ ಇಮ್ಮಡಿಯಾಗುತ್ತದೆ. ಆರ್ಕಲುಡಾನ್ ಎಂಬ ಉಕ್ಕಿನ ಡ್ರ್ಯಾಗನ್ ತನ್ನ ಎಲೆಕ್ಟ್ರೋ ಶಾಟ್ ಹೊಡೆಯಬೇಕಾದರೆ ಒಂದು ಟರ್ನು ವಿದ್ಯುತ್ತು ತುಂಬಿಕೊಂಡು ಮುಂದಿನ ಟರ್ನಿನಲ್ಲಿ ಬಿಡಬೇಕು. ಮಳೆಯಿದ್ದರೆ ತುಂಬಿಕೊಳ್ಳುವುದೂ ಬಿಡುವುದೂ ಒಂದೇ ಟರ್ನಿನಲ್ಲಿ ಮುಗಿಯುತ್ತದೆ. ಮಳೆ ತರುವುದಕ್ಕೆ ಪೆಲಿಪ್ಪರ್ ಎಂಬ ದೊಡ್ಡ ಕೊಕ್ಕಿನ ಹಕ್ಕಿಯಿದೆ. ಅದು ಕಣಕ್ಕಿಳಿದರೆ ಸಾಕು, ಮಳೆ ತಾನಾಗಿಯೇ ಶುರುವಾಗುತ್ತದೆ.

ಆಮೇಲೆ ಐದು ಟರ್ನು. ಹಕ್ಕಿ ಇಳಿದ ಟರ್ನೂ ಆ ಐದರಲ್ಲೇ ಸೇರಿರುತ್ತದೆ ಎನ್ನುವುದು ಇದರ ಮೇಲಿನ ಬರೆ. ಡ್ಯಾಂಪ್ ರಾಕ್ ಎಂಬ ಕಲ್ಲನ್ನು ಹಕ್ಕಿಯ ಕೈಗೆ ಕೊಟ್ಟರೆ ಮಳೆ ಎಂಟು ಟರ್ನು ನಿಲ್ಲುತ್ತದೆ, ನಿಜ. ಆದರೆ ಒಬ್ಬರಿಗೆ ಒಂದೇ ಐಟಂ. ಕಲ್ಲು ಹಿಡಿದ ಪೆಲಿಪ್ಪರ್‌ಗೆ ಒಂದು ಕರೆಂಟು ಹೊಡೆತ ಬಿದ್ದರೆ ಕಥೆ ಮುಗಿಯಿತು: ನೀರೂ ಹೌದು, ಹಕ್ಕಿಯೂ ಹೌದು, ಹಾಗಾಗಿ ನಾಲ್ಕು ಪಟ್ಟು ಪೆಟ್ಟು. ಅದು ಉಳಿಯಲೆಂದು ಫೋಕಸ್ ಸ್ಯಾಶ್ ಎಂಬ ಪಟ್ಟಿ ಕಟ್ಟಿದಿರೋ, ಹಕ್ಕಿ ಒಂದು ಗುಟುಕು ಜೀವ ಹಿಡಿದು ನಿಲ್ಲುತ್ತದೆ, ಮಳೆ ಮತ್ತೆ ಐದಕ್ಕೆ ಇಳಿಯುತ್ತದೆ. ಮಳೆಗೆ ಆಯುಷ್ಯ ಕೊಟ್ಟರೆ ಹಕ್ಕಿಗಿಲ್ಲ, ಹಕ್ಕಿಗೆ ಕೊಟ್ಟರೆ ಮಳೆಗಿಲ್ಲ. ಇನ್ನು ತರಬೇತಿಯ ಅಂಕಗಳ ವಿಚಾರಕ್ಕೆ ನಾನು ಹೋಗುವುದೇ ಇಲ್ಲ. ಒಟ್ಟು 510, ವೇಗ, ಬಲದಂಥ ಒಂದು ಗುಣಕ್ಕೆ ಹೆಚ್ಚೆಂದರೆ 252. ಅದನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಂಚುತ್ತಾ ಕಳೆದ ಹೊತ್ತೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇಷ್ಟಕ್ಕೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನನ್ನ ನಿಜವಾದ ಸಂಕಟ ಅಕ್ಕನ ಮಗ. ಅವನ ಬಳಿ ಒಂದು ಟಾರ್ಕೋಲ್ ಇದೆ. ಬೆನ್ನಿನಿಂದ ಹೊಗೆ ಬಿಡುತ್ತಾ ತೆವಳುವ ಕಲ್ಲಿದ್ದಲಿನ ಆಮೆ. ಅದು ಕಣಕ್ಕಿಳಿದರೆ ಮಳೆಯ ಬದಲು ಬಿಸಿಲು ಬರುತ್ತದೆ. ಪೆಲಿಪ್ಪರ್ ಮತ್ತು ಟಾರ್ಕೋಲ್ ಒಟ್ಟಿಗೇ ಇಳಿದರೆ ಯಾರ ಹವಾಮಾನ ನಿಲ್ಲಬೇಕು? ವೇಗ ಇರುವವರದ್ದು ಎಂದು ಯಾರಾದರೂ ಹೇಳುತ್ತಾರೆ. ಆಟದ ನ್ಯಾಯ ಬೇರೆ. ವೇಗದವರು ಮೊದಲು ಮಳೆ ಬರಿಸುತ್ತಾರೆ, ನಿಧಾನದವರು ಆಮೇಲೆ ಬಂದು ಅದನ್ನು ಒರೆಸಿ ತಮ್ಮ ಬಿಸಿಲು ಹಚ್ಚುತ್ತಾರೆ. ಹಾಗಾಗಿ ಹವಾಮಾನ ತರುವವರು ಎಷ್ಟು ಸೋಮಾರಿಯಾದರೆ ಅಷ್ಟು ಒಳ್ಳೆಯದು. 50ನೆಯ ಲೆವೆಲ್‌ನಲ್ಲಿ ನನ್ನ ಪೆಲಿಪ್ಪರನ್ನು ಎಷ್ಟೇ ಸೋಮಾರಿಯಾಗಿ ಬೆಳೆಸಿದರೂ ಅದರ ವೇಗ 63ಕ್ಕಿಂತ ಕೆಳಗಿಳಿಯುವುದಿಲ್ಲ. ಟಾರ್ಕೋಲ್ 22ಕ್ಕೆ ಇಳಿಯುತ್ತದೆ. ನಿಧಾನದಲ್ಲಿ ಆಮೆಯನ್ನು ಸೋಲಿಸುವುದು ಯಾವ ಹಕ್ಕಿಯಿಂದ ಸಾಧ್ಯ?

ಆ 22 ಸುಮ್ಮನೆ ಸಿಕ್ಕಿದ್ದಲ್ಲ ಎನ್ನುವುದನ್ನು ನಾನು ಒಪ್ಪಬೇಕು. ಹುಟ್ಟುಗುಣವನ್ನು ಬಾಟಲ್ ಕ್ಯಾಪ್ ಎಂಬ ಐಟಂ ಕೊಟ್ಟು ಮೇಲಕ್ಕೇರಿಸಬಹುದು, ಕೆಳಕ್ಕಿಳಿಸುವ ಉಪಾಯ ಮಾತ್ರ ಆಟದಲ್ಲಿಲ್ಲ. ವೇಗದಲ್ಲಿ ಸೊನ್ನೆ ಇರುವ ಆಮೆ ಬೇಕೆಂದರೆ ಅದು ಹಾಗೇ ಹುಟ್ಟಬೇಕು. ಅಕ್ಕನ ಮಗ ಮೊಟ್ಟೆಗಳ ಮೇಲೆ ಮೊಟ್ಟೆ ಮರಿ ಮಾಡಿಸುತ್ತಾ ಕುಳಿತಿದ್ದ. ಕೊನೆಗೊಂದು ದಿನ ವೇಗದ ಮುಂದೆ "ಪ್ರಯೋಜನವಿಲ್ಲ" ಎಂಬ ಷರಾ ಹೊತ್ತ ಮರಿ ಹುಟ್ಟಿತು. ಆಗ ಅವನು ಕುಣಿದದ್ದು ನೋಡಬೇಕಿತ್ತು. ತನ್ನ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆ ಹುಡುಗ ಹಾಗೆ ಕುಣಿದಿರಲಿಲ್ಲ.

ಅವನ ಆಮೆಯನ್ನಾದರೂ ಸಹಿಸಬಹುದು, ಬಾಯಿಯನ್ನು ಸಹಿಸಲಾಗುವುದಿಲ್ಲ. ಪಕ್ಕದಲ್ಲೇ ಕುಳಿತು ಆಡುತ್ತಾನೆ. ಒಂದೊಂದು ಟರ್ನಿಗೂ ಯೋಚಿಸಲು 45 ಸೆಕೆಂಡು ಇರುತ್ತದೆಯಲ್ಲ, ಅದನ್ನು ಅವನು ಪೂರ್ತಿ ಬಳಸುತ್ತಾನೆ. ಯೋಚಿಸುವುದಕ್ಕಲ್ಲ. ಏನು ಮಾಡಬೇಕೆಂದು ಮೊದಲ ಕ್ಷಣವೇ ತೀರ್ಮಾನಿಸಿ, ಉಳಿದ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆ ಎಂದು ನನಗೇ ವಿವರಿಸುತ್ತಾನೆ. "ನೀನು ಈಗ ಟೇಲ್‌ವಿಂಡ್ ಹಾಕಬೇಕು ಎಂದುಕೊಂಡಿದ್ದೆ, ಆದರೆ ಹೆದರಿಕೆಯಾಗಿದೆ, ಅಲ್ಲವೇ ಚಿಕ್ಕಮ್ಮ?" ಟೇಲ್‌ವಿಂಡ್ ಎಂದರೆ ನಮ್ಮ ಕಡೆಯವರ ವೇಗ ಹೆಚ್ಚಿಸುವ ಗಾಳಿ. ನಾನು ಮಾತಾಡುವುದಿಲ್ಲ. ಪರದೆಯನ್ನು ಎದೆಗೆ ಅವುಚಿಕೊಳ್ಳುತ್ತೇನೆ. "ಪರದೆ ಮುಚ್ಚಿಕೊಂಡರೆ ಹೊಡೆಯುವ ಮೂವ್ ಎಂದು ಅರ್ಥ. ಪ್ರೊಟೆಕ್ಟ್ ಆಗಿದ್ದರೆ ನೀನು ಮುಚ್ಚುವುದಿಲ್ಲ." ಪ್ರೊಟೆಕ್ಟ್ ಎಂದರೆ ಆ ಟರ್ನಿನ ಹೊಡೆತ ತಡೆಯುವ ಗುರಾಣಿ. ಅಂದಿನಿಂದ ಅದನ್ನು ಒತ್ತುವಾಗಲೂ ಪರದೆ ಮುಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ. ಅದನ್ನೂ ಕಂಡುಹಿಡಿದ. ಪ್ರೊಟೆಕ್ಟ್ ಒತ್ತುವಾಗ ನಾನು ಉಸಿರು ಬಿಡುತ್ತೇನಂತೆ, ಹೊಡೆಯುವಾಗ ಉಸಿರು ಕಟ್ಟುತ್ತೇನಂತೆ. ಆಟಕ್ಕಾಗಿ ಈಗ ಪ್ರಾಣಾಯಾಮವನ್ನೂ ಕಲಿಯಬೇಕೇನೋ.

ನಿನ್ನೆ ರಾತ್ರಿಯದನ್ನೇ ತೆಗೆದುಕೊಳ್ಳಿ. ಇಬ್ಬಿಬ್ಬರು ಎದುರುಬದುರು ನಿಲ್ಲುವ ಡಬಲ್ಸ್ ಪಂದ್ಯ. ನನ್ನ ಕಡೆ ಪೆಲಿಪ್ಪರ್, ಆರ್ಕಲುಡಾನ್. ಅವನ ಕಡೆ ಇನ್ಸಿನೆರೋರ್ ಎಂಬ ಪೈಲ್ವಾನ್ ಬೆಕ್ಕು ಮತ್ತು ಫರಿಗಿರಾಫ್ ಎಂಬ ಜಿರಾಫೆ. ಆಮೆ ಕಣದಲ್ಲಿರಲಿಲ್ಲ. ಮಳೆ ಧೋ ಎಂದು ಸುರಿಯುತ್ತಿತ್ತು. ಮೊದಲ ಟರ್ನಿನಲ್ಲಿ ಬೆಕ್ಕು ಫೇಕ್ ಔಟ್ ಹೊಡೆದು ನನ್ನ ಹಕ್ಕಿಯನ್ನು ಬೆಚ್ಚಿಬೀಳಿಸಿತು. ಅದು ರೆಕ್ಕೆ ಬಿಚ್ಚದೆ ನಿಂತುಬಿಟ್ಟಿತು. ಆರ್ಕಲುಡಾನ್‌ಗೆ ನಾನು ಪ್ರೊಟೆಕ್ಟ್ ಹಾಕಿಸಿದ್ದೆ. ಆ ಸಂದಿಯಲ್ಲಿ ಫರಿಗಿರಾಫ್ ಟ್ರಿಕ್ ರೂಮ್ ಹಾಕಿತು. ಅಂದರೆ ಇನ್ನು ಮೇಲೆ ನಿಧಾನದವರಿಗೇ ಮೊದಲ ಸರದಿ. ಆ ಮನೆಯವರಿಗೆ ನಿಧಾನದ ಮೇಲೆ ಎಷ್ಟು ಭಕ್ತಿ ಎಂದರೆ, ಭೌತಶಾಸ್ತ್ರವನ್ನೇ ತಿರುಗಿಸಿ ಹಾಕಿಕೊಳ್ಳುತ್ತಾರೆ.

ಎರಡನೆಯ ಟರ್ನು. ನಾನು ಹಕ್ಕಿಗೆ ವೆದರ್ ಬಾಲ್ ಹೇಳಿದೆ. ಸುಮ್ಮನಿದ್ದಾಗ ಅದರ ಬಲ 50. ಹವಾಮಾನ ಏನಾದರೂ ಇದ್ದರೆ ಇಮ್ಮಡಿಯಾಗುತ್ತದೆ, ಆ ಹವಾಮಾನದ ಗುಣವನ್ನೇ ತಳೆಯುತ್ತದೆ. ಮಳೆಯಲ್ಲಿ ನೀರು. ಎದುರಿಗಿರುವ ಬೆಕ್ಕು ಬೆಂಕಿಯದು. ಆರ್ಕಲುಡಾನ್‌ಗೆ ಎಲೆಕ್ಟ್ರೋ ಶಾಟ್, ಅದೂ ಅದೇ ಬೆಕ್ಕಿನ ಮೇಲೆ. ಇಬ್ಬರೂ ಸೇರಿ ಬಿಟ್ಟರೆ ಬೆಕ್ಕು ಉಳಿಯುವ ಮಾತೇ ಇಲ್ಲ. ಉಸಿರು ಕಟ್ಟಲಿಲ್ಲ, ಬಿಡಲೂ ಇಲ್ಲ. ಪಕ್ಕದಲ್ಲಿ ಅವನು 45 ಸೆಕೆಂಡು ಸವೆಸುತ್ತಾ, "ನೀನು ವೆದರ್ ಬಾಲ್ ಒತ್ತಿದ್ದೀಯ ಚಿಕ್ಕಮ್ಮ. ಖುಷಿಯಾಗಿದ್ದೀಯ. ಕಾಲು ಅಲ್ಲಾಡಿಸುತ್ತಿದ್ದೀಯ" ಎಂದ.

ಆಮೇಲೆ ಬೆಕ್ಕನ್ನು ಹಿಂದಕ್ಕೆ ಕರೆದು ಆಮೆಯನ್ನು ಇಳಿಸಿದ.

ಈ ಆಟದಲ್ಲಿ ಆಟಗಾರರ ಬದಲಾವಣೆ ಹೊಡೆತಕ್ಕಿಂತ ಮೊದಲು ಆಗುತ್ತದೆ. ಆಮೆ ಇಳಿಯುತ್ತಿದ್ದಂತೆ ಮಳೆ ನಿಂತು ಬಿಸಿಲು ಚುರುಗುಟ್ಟಿತು. ನನ್ನ ಹಕ್ಕಿ ಆಗಲೇ ಕೊಕ್ಕು ತೆರೆದು ಹೊಡೆಯಲು ಸಿದ್ಧವಾಗಿ ನಿಂತಿತ್ತು. ಅದರ ವೆದರ್ ಬಾಲ್ ಈಗ ನೀರಲ್ಲ, ಬೆಂಕಿ. ಸಮುದ್ರದ ಮೇಲೆ ಹಾರುವ ನನ್ನ ಹಕ್ಕಿ, ತಾನು ತಂದ ಮಳೆಯನ್ನು ನಂಬಿದ್ದ ನನ್ನ ಹಕ್ಕಿ, ಕೆಂಡದಂಥ ಒಂದು ಚೆಂಡನ್ನು ಎತ್ತಿ ಕಲ್ಲಿದ್ದಲಿನ ಆಮೆಯ ಮೇಲೆ ಎಸೆಯಿತು. ಅದಕ್ಕೆ ಅವನ ಬಿಸಿಲಿನದೇ ಒಂದೂವರೆ ಪಟ್ಟು ಬಲ ಬೇರೆ. ಚಳಿ ಕಾಯಿಸಿಕೊಳ್ಳಲಿ ಎಂದು ನಾನೇ ಕಳಿಸಿಕೊಟ್ಟ ಹಾಗಿತ್ತು. "ಹೆಚ್ಚು ಪರಿಣಾಮವಾಗಲಿಲ್ಲ" ಎಂದು ಪರದೆಯ ಮೇಲೆ ಸಾಲು ಬಂತು. ಆಮೆ ಹೊಗೆ ಬಿಟ್ಟಿತು.

ಇನ್ನು ಆರ್ಕಲುಡಾನ್. ಮಳೆಯಿಲ್ಲದಿದ್ದರೆ ಅದು ತುಂಬಿಕೊಳ್ಳಬೇಕಲ್ಲ, ತುಂಬಿಕೊಳ್ಳತೊಡಗಿತು. ಸುಡು ಬಿಸಿಲಿನಲ್ಲಿ ನಿಂತು, ಮೈಯೆಲ್ಲ ಮಿನುಗಿಸುತ್ತಾ, ಸಾವಧಾನವಾಗಿ. ತುಂಬಿಕೊಳ್ಳಲು ಶುರು ಮಾಡಿದವರಿಗೆ ಮುಂದಿನ ಟರ್ನಿನಲ್ಲಿ ಬೇರೆ ಆಯ್ಕೆ ಇರುವುದಿಲ್ಲ. ಪ್ರೊಟೆಕ್ಟ್ ಒತ್ತುವಂತಿಲ್ಲ, ಹಿಂದಕ್ಕೆ ಕರೆಯುವಂತಿಲ್ಲ. ಟ್ರಿಕ್ ರೂಮಿನ ಕೃಪೆಯಿಂದ ಮುಂದಿನ ಟರ್ನಿನ ಮೊದಲ ಹೊಡೆತ ಆಮೆಯದು. ಅದರ ಇರಪ್ಷನ್ ಎಂಬ ಬೆಂಕಿಯ ಹೊಡೆತಕ್ಕೆ ಜೀವ ಪೂರ್ತಿ ಇದ್ದಾಗ 150 ಬಲ. ನನ್ನ ಹಕ್ಕಿಯ ಚೆಂಡು ಅದರಿಂದ ಕಿತ್ತುಕೊಂಡದ್ದು ಚೂರುಪಾರು. ಪಕ್ಕದಿಂದ ಫರಿಗಿರಾಫ್ ಆ ಹೊಡೆತದ ಬಲ ಹೆಚ್ಚಿಸುವ ಹೆಲ್ಪಿಂಗ್ ಹ್ಯಾಂಡ್ ಕೊಟ್ಟಿತು. ತುಂಬಿಕೊಂಡದ್ದನ್ನು ಬಿಡುವ ಮೊದಲೇ ಆರ್ಕಲುಡಾನ್ ನೆಲಕ್ಕುರುಳಿತು. ಆ ಟರ್ನಿಗೂ ಅವನು 45 ಸೆಕೆಂಡು ತೆಗೆದುಕೊಂಡಿದ್ದ! ನನಗೆ ಹಕ್ಕಿಯ ಬಟನ್ ಒತ್ತುವುದೊಂದೇ ಉಳಿದಿದ್ದಾಗ, ಏನು ನಡೆಯಲಿದೆ ಎಂದು ಇಬ್ಬರಿಗೂ ಗೊತ್ತಿದ್ದಾಗ, ಇವನು ಗಲ್ಲಕ್ಕೆ ಕೈ ಹಚ್ಚಿ ಕುಳಿತು "ಈಗ ನಿನಗೆ ಆರ್ಕಲುಡಾನ್ ಮೇಲೆ ಕನಿಕರ ಬರುತ್ತಿದೆ" ಎಂದು ವ್ಯಾಖ್ಯಾನ ಮಾಡುತ್ತಿದ್ದ.

ಪಂದ್ಯ ಮುಗಿದ ಮೇಲೆ "ಪರವಾಗಿಲ್ಲ ಚಿಕ್ಕಮ್ಮ" ಎಂದ. ಪ್ರತಿ ಸಲವೂ ಅನ್ನುತ್ತಾನೆ. ಯಾರಿಗೆ ಪರವಾಗಿಲ್ಲ ಎಂದು ಒಮ್ಮೆ ಕೇಳಬೇಕು.

ಮಳೆಗೆ ಒಂದು ಕಾಲದಲ್ಲಿ ಮರ್ಯಾದೆ ಇತ್ತು. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಹವಾಮಾನ ಮೊದಲು ಬಂದಾಗ ರೇನ್ ಡ್ಯಾನ್ಸ್ ಮಾಡಿಯೇ ಮಳೆ ತರಿಸಬೇಕಿತ್ತು, ಅದು ಐದು ಟರ್ನಿಗೆ ನಿಲ್ಲುತ್ತಿತ್ತು. 2002ರಲ್ಲಿ ರೂಬಿ, ಸಫೈರ್ ಬಂದವು. ಕಯೋಗರ್ ಇಳಿಯಿತೆಂದರೆ ಮಳೆ ಹಿಡಿದದ್ದು ಹಿಡಿದದ್ದೇ. ಇನ್ನೊಂದು ಹವಾಮಾನ ಬಂದು ಅದನ್ನು ಓಡಿಸುವವರೆಗೆ ಬಿಡುತ್ತಿರಲಿಲ್ಲ. 2010ರಲ್ಲಿ ಪಾಲಿಟೋಡ್ ಎಂಬ ಸಾಮಾನ್ಯ ಕಪ್ಪೆಗೂ ಅದೇ ಶಕ್ತಿ ಕೊಟ್ಟರು. ಆಟವೆಲ್ಲ ಮಳೆಯೇ ಆಗಿಹೋಯಿತೆಂದು ಜನ ಗೋಳಾಡಿದ್ದೂ ನಿಜ. 2013ರ ಎಕ್ಸ್, ವೈ ಆಟಗಳಲ್ಲಿ ತಾನಾಗಿ ಬರುವ ಮಳೆಗೂ ಐದೇ ಟರ್ನು ಎಂದು ಕತ್ತರಿ ಬಿತ್ತು. ಆ ಗೋಳಾಟದವರಲ್ಲಿ ಮಳೆಯ ತಂಡ ಇಟ್ಟುಕೊಂಡವರು ಒಬ್ಬರೂ ಇರಲಿಕ್ಕಿಲ್ಲ.

2014ರಲ್ಲಿ ರೂಬಿ, ಸಫೈರ್‌ಗಳು ಹೊಸ ರೂಪದಲ್ಲಿ ಮತ್ತೆ ಬಂದಾಗ ಈ ಹುಡುಗ ಇನ್ನೂ ಚಿಕ್ಕವನು. ನಾನು ಆಡುತ್ತಿದ್ದೆ, ಅವನು ಮೊಣಕೈಗೆ ಗಲ್ಲ ಆನಿಸಿಕೊಂಡು ನೋಡುತ್ತಿದ್ದ. ಆಟದಲ್ಲಿ ಒಂದು ಹವಾಮಾನ ಸಂಸ್ಥೆ ಬರುತ್ತದೆ. ಅದನ್ನು ದುಷ್ಟರಿಂದ ಬಿಡಿಸಿಕೊಟ್ಟರೆ ಅಲ್ಲಿಯವರು ಕಾಸ್ಟ್‌ಫಾರ್ಮ್ ಎಂಬ ಪುಟ್ಟ ಮೋಡದ ಉಂಡೆಯೊಂದನ್ನು ಉಡುಗೊರೆ ಕೊಡುತ್ತಾರೆ. ಮಳೆ ಬಂದರೆ ಅದು ಹನಿಯಾಗುತ್ತದೆ, ಬಿಸಿಲಿಗೆ ಸೂರ್ಯನಾಗುತ್ತದೆ, ಆಲಿಕಲ್ಲಿಗೆ ಹಿಮದ ಸುರುಳಿಯಾಗುತ್ತದೆ. ಕಾದಾಟಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಆರೂ ಗುಣಗಳಲ್ಲಿ 70, 70 ಎಂದು ಸಾಲಾಗಿ ಬರೆದುಕೊಂಡ ಪಾಪದ ಪ್ರಾಣಿ. ಅವನಿಗೆ ಅದೇ ಬೇಕು. ಒಮ್ಮೆ ಮರಳುಗಾಳಿ ಬೀಸಿತು. ಕಾಸ್ಟ್‌ಫಾರ್ಮ್ ಯಾವ ರೂಪವನ್ನೂ ತಾಳದೆ ಸುಮ್ಮನೆ ನಿಂತು, ಟರ್ನು ಟರ್ನಿಗೂ ಹದಿನಾರನೆಯ ಒಂದು ಪಾಲು ಜೀವ ಕಳೆದುಕೊಳ್ಳುತ್ತಾ ಹೋಯಿತು. "ಇದಕ್ಕೆ ಮರಳಿನ ಅಂಗಿ ಯಾಕೆ ಕೊಡಲಿಲ್ಲ ಚಿಕ್ಕಮ್ಮ?" ಎಂದು ಕೇಳಿದ. ಹೇಳಲು ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಹಿಂದಕ್ಕೆ ಕರೆದುಬಿಡು ಎಂದು ನನ್ನ ಕೈ ಎಳೆದ. ಪಂದ್ಯ ಸೋತರೂ ಸರಿ ಎಂದು ಕರೆದೆ. ಅಂಥ ಹುಡುಗ ಈಗ ಸೊನ್ನೆ ವೇಗದ ಆಮೆ ಸಿಗುವವರೆಗೆ ಹುಟ್ಟಿದ ಮರಿಗಳನ್ನೆಲ್ಲ ಒಂದೊಂದಾಗಿ ಬಿಟ್ಟುಬಿಡುತ್ತಾನೆ, ಕಣ್ಣು ಕೂಡ ಮಿಟುಕಿಸುವುದಿಲ್ಲ.

ಹಿಮದ ತಂಡ ಕಟ್ಟು ಎನ್ನುವುದು ಇವತ್ತು ಬೆಳಗ್ಗೆ ಅವನು ಕೊಟ್ಟ ಸಲಹೆ. 2022ರ ಸ್ಕಾರ್ಲೆಟ್, ವಯಲೆಟ್‌ನಿಂದ ಆಲಿಕಲ್ಲಿನ ಜಾಗಕ್ಕೆ ಹಿಮ ಬಂದಿದೆ. ಯಾರಿಗೂ ಪೆಟ್ಟು ಕೊಡುವುದಿಲ್ಲ, ಮಂಜಿನ ಜಾತಿಯವರ ರಕ್ಷಣೆಯನ್ನು ಒಂದೂವರೆ ಪಟ್ಟು ಮಾಡುತ್ತದೆ. "ನಿನ್ನ ಸ್ವಭಾವಕ್ಕೆ ಸರಿ ಹೋಗುತ್ತದೆ" ಎಂದ. ನನ್ನ ಸ್ವಭಾವಕ್ಕೆ ಏನಾಗಿದೆಯೋ ತಿಳಿಯಲಿಲ್ಲ. ಆ ಹಿಮಕ್ಕೂ ಆಯುಷ್ಯ ಐದೇ ಟರ್ನು, ಅದನ್ನು ಕರಗಿಸಲು ಅದೇ ಆಮೆ ಕಾದಿರುತ್ತದೆ.

ನಾನು ಗೋಲ್ಡಕ್ ಎಂಬ ನೀಲಿ ಬಾತುಕೋಳಿಯನ್ನು ಸೇರಿಸಿಕೊಂಡೆ. ಅದಕ್ಕೆ ಕ್ಲೌಡ್ ನೈನ್ ಎಂಬ ಶಕ್ತಿಯಿದೆ. ಅದು ಕಣದಲ್ಲಿ ಇರುವಷ್ಟು ಹೊತ್ತು ಮಳೆ ಮಳೆಯಲ್ಲ, ಬಿಸಿಲು ಬಿಸಿಲಲ್ಲ. ಎರಡೂ ಪರದೆಯ ಮೇಲಿನ ಬರೀ ಚಿತ್ರ. ನನ್ನ ಮಳೆಯ ತಂಡವೂ ಇದರಿಂದ ಕೆಡುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆರ್ಕಲುಡಾನ್ ಮತ್ತೆ ತುಂಬಿಕೊಳ್ಳುತ್ತಾ ನಿಲ್ಲುತ್ತದೆ, ನಿಲ್ಲಲಿ. ನನಗೆ ದಕ್ಕದ ಹವಾಮಾನ ಯಾರಿಗೂ ದಕ್ಕುವುದು ಬೇಡ.

ಮಧ್ಯಾಹ್ನ ಆಡಿದೆವು. ಆಮೆ ಇಳಿಯಿತು, ಬಿಸಿಲು ಬಂತು. ಪಕ್ಕಕ್ಕೆ ಬಾತುಕೋಳಿ ಇಳಿಯಿತು, ಹವಾಮಾನದ ಪರಿಣಾಮ ಇಲ್ಲವಾಯಿತು ಎಂದು ಸಾಲು ಬಂತು. ಅಕ್ಕನ ಮಗ ಆ ಸಾಲನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಪರದೆ ನೋಡಿದ. "ಇದು ಆಟವೇ ಅಲ್ಲ ಚಿಕ್ಕಮ್ಮ, ಇದು ಹೊಟ್ಟೆಕಿಚ್ಚು" ಎಂದ. "ಹೌದು" ಎಂದೆ. ಪಂದ್ಯವನ್ನು ಅವನೇ ಗೆದ್ದ, ಅದರಲ್ಲೇನೂ ಬದಲಾವಣೆಯಿಲ್ಲ. ಆದರೆ ಪ್ರತಿ ಟರ್ನಿಗೂ 45 ಸೆಕೆಂಡು ನಿಜವಾಗಿಯೇ ಯೋಚಿಸಿ, ಬಾಯಿ ಬಿಡದೆ ಗೆದ್ದ.